ಮಹಿಳೆಯರ ಮೂಳೆಗೆ ಸಾಕಷ್ಟು ಕ್ಯಾಲ್ಸಿಯಂ: ಊಟದ ತಟ್ಟೆಯಿಂದ ಮಾತ್ರೆಯವರೆಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಗರ್ಭಿಣಿಗೂ ಅಷ್ಟೇ, ಮಗುವಿಗೆ ಹಾಲೂಡಿಸುವ ತಾಯಿಗೆ ಮತ್ತು ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ. ಬೆಳೆಯುವ ಹೆಣ್ಣುಮಕ್ಕಳಿಗೆ 10ರಿಂದ 12 ವರ್ಷದವರೆಗೆ 850, ಅನಂತರ 18 ತುಂಬುವವರೆಗೆ 1000ದಿಂದ 1050 ಮಿಲಿಗ್ರಾಂ ಎಂದು ನಿಗದಿಯಾಗಿದೆ. ಇದಕ್ಕೂ ಹಿಂದೆ, 2010ರ ಶಿಫಾರಸಿನಲ್ಲಿ, ವಯಸ್ಕರಿಗೆ 600 ಮಿಲಿಗ್ರಾಂ ಸಾಕೆಂದು ಹೇಳಲಾಗಿತ್ತು. ಹಳೆಯ ಪಠ್ಯಪುಸ್ತಕಗಳಲ್ಲಿ ಇನ್ನೂ ಆ ಅಂಕಿಯೇ ಉಳಿದಿರುವುದರಿಂದ, ಎರಡು ಕಡೆ ಎರಡು ಬಗೆಯ ಸಂಖ್ಯೆ ಕಂಡರೆ ಹೊಸದನ್ನೇ ಹಿಡಿಯಬೇಕು.

ದೇಹದಲ್ಲಿರುವ ಕ್ಯಾಲ್ಸಿಯಂನ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ರಕ್ತದಲ್ಲಿಯೂ ಜೀವಕೋಶಗಳಲ್ಲಿಯೂ ಇದ್ದು, ಹೃದಯದ ಬಡಿತ, ಸ್ನಾಯುಗಳ ಚಲನೆ, ನರಗಳ ಕೆಲಸ, ರಕ್ತ ಹೆಪ್ಪುಗಟ್ಟುವಿಕೆ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಆದ್ದರಿಂದ ಊಟದಲ್ಲಿ ಎಷ್ಟೇ ಕೊರತೆಯಾದರೂ ದೇಹವು ರಕ್ತದ ಮಟ್ಟವನ್ನು ಇಳಿಯಗೊಡದೆ, ಕಣಜದಿಂದ ಕಾಳು ತೆಗೆದಂತೆ ಮೂಳೆಯಿಂದ ತೆಗೆದು ಸರಿದೂಗಿಸುತ್ತದೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದ ಮಾತ್ರಕ್ಕೆ ಮೂಳೆಯೂ ಸರಿಯಾಗಿದೆ ಎಂದು ತಿಳಿಯಲಾಗದು. ಈ ತಪ್ಪು ತಿಳಿವಳಿಕೆಯಿಂದ ನಿಶ್ಚಿಂತೆಯಾಗಿರುವವರು ಬಹಳ ಮಂದಿ. ಮೂಳೆಯ ಸಾಂದ್ರತೆಯ ಬಹುಪಾಲು ಹದಿಹರೆಯ ಮುಗಿಯುವಷ್ಟರಲ್ಲಿ ಕೂಡಿಕೊಂಡಿರುತ್ತದೆ, ಹೆಚ್ಚೆಂದರೆ 30ರವರೆಗೆ ತುಸು ಏರುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯನ್ನು ಕಾಯುವ ಈಸ್ಟ್ರೊಜೆನ್ ಹಾರ್ಮೋನು ಇಳಿಯುವುದರಿಂದ ಮೊದಲ ಕೆಲವು ವರ್ಷ ಮೂಳೆ ಬಹು ಬೇಗ ತೆಳುವಾಗುತ್ತದೆ. ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನೂ ತೆಗೆಸಿಕೊಂಡ ಮಹಿಳೆಯರಿಗೆ ಈ ಇಳಿತ ಹಂತಹಂತವಾಗಿ ಬಾರದೆ ಒಮ್ಮೆಲೇ ಬರುವುದರಿಂದ, ಅವರ ವಯಸ್ಸು 35 ಆಗಿದ್ದರೂ ಮೂಳೆಯ ವಿಷಯದಲ್ಲಿ ಅವರನ್ನು ಮುಟ್ಟು ನಿಂತವರೆಂದೇ ಎಣಿಸಬೇಕು.

ಮೊದಲ ಹೆಜ್ಜೆ: ಮನೆಯದಲ್ಲ, ತನ್ನ ತಟ್ಟೆಯ ಲೆಕ್ಕ

ಮನೆಗೆ ದಿನಕ್ಕೆ ಒಂದೂವರೆ ಲೀಟರು ಹಾಲು ಬರುತ್ತದೆ, ಆದ್ದರಿಂದ ನಮಗೆ ಕೊರತೆಯಿಲ್ಲ ಎನ್ನುವುದು ಲೆಕ್ಕವಲ್ಲ. ಆ ಹಾಲಿನಲ್ಲಿ ಮಕ್ಕಳ ಲೋಟ, ಅತ್ತೆ ಮಾವಂದಿರ ರಾತ್ರಿಯ ಹಾಲು, ಬಂದವರ ಕಾಫಿ, ಹೆಪ್ಪಿಗೆ ಹಾಕಿದ್ದು ಎಲ್ಲ ಕಳೆದ ಮೇಲೆ ಮನೆಯೊಡತಿಯ ಪಾಲಿಗೆ ಉಳಿಯುವುದು ಆಕೆ ಕುಡಿಯುವ ಎರಡು ಲೋಟ ಕಾಫಿಯಲ್ಲಿರುವ ಹಾಲು ಮಾತ್ರ. ಮೊಸರಿನದೂ ಇದೇ ಕತೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂತವರಿಗೆ ಪಾತ್ರೆಯ ತಳದ ಮಜ್ಜಿಗೆ. ಹೀಗಾಗಿ ಲೆಕ್ಕ ಹಾಕುವಾಗ ಮನೆಗೆ ಏನು ಬಂತೆಂದು ಬರೆಯದೆ, ತಾನು ಏನನ್ನು ಎಷ್ಟು ತಿಂದೆ, ಎಷ್ಟು ಕುಡಿದೆ ಎಂಬುದನ್ನು ಮಾತ್ರ ಬರೆಯಬೇಕು. ಹಬ್ಬ, ಉಪವಾಸಗಳಿಲ್ಲದ ಸಾಮಾನ್ಯ ದಿನಗಳನ್ನು ಆರಿಸಿಕೊಂಡು ಮೂರು ದಿನ ಬರೆದಿಟ್ಟರೆ ಸಾಕು.

ಲೆಕ್ಕಕ್ಕೆ ಬೇಕಾದ ಅಂಕಿಗಳು ಬಹಳ ಇಲ್ಲ. ಆಕಳ ಹಾಲಾಗಲಿ ಎಮ್ಮೆಯ ಹಾಲಾಗಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಹಿಡಿಯಬಹುದು. ಗಟ್ಟಿ ಮೊಸರಿಗೂ ಹೆಚ್ಚುಕಡಿಮೆ ಅದೇ ಪ್ರಮಾಣ. ಪನೀರಿನ 100 ಗ್ರಾಂನಲ್ಲಿ 450ಕ್ಕೂ ಹೆಚ್ಚು. ರಾಗಿಯ 100 ಗ್ರಾಂನಲ್ಲಿ ಸುಮಾರು 360, ಹುರುಳಿಕಾಳಿನಲ್ಲಿ ಸುಮಾರು 270, ನುಗ್ಗೆಸೊಪ್ಪಿನಲ್ಲಿ 300ರ ಮೇಲೆ, ಮೆಂತ್ಯದ ಸೊಪ್ಪಿನಲ್ಲಿ ಸುಮಾರು 270. ಅಕ್ಕಿಯಲ್ಲಿ ಹತ್ತರ ಆಸುಪಾಸು, ಜೋಳದಲ್ಲಿ 30ಕ್ಕೂ ಕಡಿಮೆ, ತೊಗರಿಬೇಳೆಯಲ್ಲಿ 70ರಷ್ಟು. ಮೊಟ್ಟೆ ಬೇರೆ ಕಾರಣಗಳಿಗಾಗಿ ಒಳ್ಳೆಯದಾದರೂ ಒಂದು ಮೊಟ್ಟೆಯಿಂದ ಸಿಗುವುದು 25ರಿಂದ 30 ಮಿಲಿಗ್ರಾಂ ಅಷ್ಟೆ.

ಈ ಅಂಕಿಗಳನ್ನು ಇಟ್ಟುಕೊಂಡು ಕರ್ನಾಟಕದ ಮೂರು ಬಗೆಯ ಊಟವನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಮತ್ತು ರಾತ್ರಿ ಅನ್ನ ಸಾರು, ಒಂದು ಪಲ್ಯ, ಎರಡು ಲೋಟ ಕಾಫಿ, ಅರ್ಧ ಬಟ್ಟಲು ಮೊಸರು ಇಷ್ಟೇ ಇರುವ ಅನ್ನದ ಮನೆಯಲ್ಲಿ ಒಟ್ಟು 350ರಿಂದ 400 ಮಿಲಿಗ್ರಾಂ ದಾಟುವುದು ಕಷ್ಟ. ಉತ್ತರ ಕರ್ನಾಟಕದ ರೊಟ್ಟಿಯ ಊಟದಲ್ಲಿ ಜೋಳದಿಂದ ಬರುವುದು ಅತ್ಯಲ್ಪವಾದರೂ ಕಾಳಿನ ಪಲ್ಯ, ಗಟ್ಟಿ ಮೊಸರು, ಗುರೆಳ್ಳು ಪುಡಿ, ಸೊಪ್ಪು ಇವೆಲ್ಲ ಸೇರಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಮೊಸರನ್ನು ಬಿಟ್ಟರೆ ಅದೂ ಕುಸಿಯುತ್ತದೆ. ದಿನಕ್ಕೆ ಎರಡು ಮುದ್ದೆ ಉಣ್ಣುವ ಮನೆಯಲ್ಲಿ ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಎಂದು ಹಿಡಿದರೂ ರಾಗಿಯೊಂದರಿಂದಲೇ 540 ಮಿಲಿಗ್ರಾಂ ಬಂದಿರುತ್ತದೆ. ಕೋಲಾರ, ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಿಂದ ಬೆಂಗಳೂರಿಗೆ ಬಂದು ನೆಲೆಸಿದ ಕುಟುಂಬಗಳು ಮುದ್ದೆಯನ್ನು ವಾರಕ್ಕೊಮ್ಮೆಯ ವಿಶೇಷವಾಗಿಸಿಕೊಂಡಾಗ, ಅದರ ಜಾಗದಲ್ಲಿ ಹಾಲು ಮೊಸರನ್ನು ಹೆಚ್ಚಿಸಿಕೊಳ್ಳದಿದ್ದರೆ, ದಿನಕ್ಕೆ ಐದುನೂರು ಮಿಲಿಗ್ರಾಂ ಸದ್ದಿಲ್ಲದೆ ಕೈಬಿಟ್ಟುಹೋಗಿರುತ್ತದೆ.

ಹಾಲು, ಮೊಸರು, ಮಜ್ಜಿಗೆ

ಹಾಲಿನ ಕ್ಯಾಲ್ಸಿಯಂನಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ದೇಹಕ್ಕೆ ಹೀರಿಕೆಯಾಗುತ್ತದೆ, ನಿತ್ಯದ ಆಹಾರದಲ್ಲಿ ಇದು ಒಳ್ಳೆಯ ಪ್ರಮಾಣ. ಕ್ಯಾಲ್ಸಿಯಂ ಇರುವುದು ಹಾಲಿನ ನೀರು ಮತ್ತು ಪ್ರೋಟೀನಿನ ಭಾಗದಲ್ಲಿ, ಕೊಬ್ಬಿನಲ್ಲಲ್ಲ. ಆದ್ದರಿಂದ ಕೆನೆ ತೆಗೆದ ಹಾಲಿನಲ್ಲಿ, ಕೊಬ್ಬು ಕಡಿಮೆ ಮಾಡಿದ ಪ್ಯಾಕೆಟ್ ಹಾಲಿನಲ್ಲಿ, ಬೆಣ್ಣೆ ಕಡೆದ ಮಜ್ಜಿಗೆಯಲ್ಲಿ ಕ್ಯಾಲ್ಸಿಯಂಗೆ ಏನೂ ಕುಂದಾಗುವುದಿಲ್ಲ. ತೂಕ ಅಥವಾ ಕೊಲೆಸ್ಟರಾಲಿನ ಚಿಂತೆಯಿಂದ ಹಾಲನ್ನೇ ಬಿಟ್ಟವರು ಕೆನೆರಹಿತ ಹಾಲಿಗೆ ಹೊರಳಬಹುದು. ಇದೇ ಕಾರಣಕ್ಕೆ ಬೆಣ್ಣೆ ತುಪ್ಪಗಳಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ತುಪ್ಪ ತಿಂದರೆ ಮೂಳೆ ಗಟ್ಟಿಯಾಗುತ್ತದೆ ಎಂದು ಬಾಣಂತಿಗೆ ಧಾರಾಳವಾಗಿ ತುಪ್ಪ ಬಡಿಸಿ, ಶೀತವಾಗುತ್ತದೆಂದು ಮೊಸರನ್ನು ತಡೆಯುವ ಮನೆಗಳಲ್ಲಿ ನಡೆಯುವುದು ನಿಖರವಾಗಿ ತಿರುಗುಮುರುಗು. ಇನ್ನು ಹಾಲಿಗೆ ಮನೆಯಲ್ಲಿ ನೀರು ಬೆರೆಸಿದರೆ ಬೆರೆಸಿದಷ್ಟೂ ಕ್ಯಾಲ್ಸಿಯಂ ತೆಳುವಾಗುತ್ತದೆ. ಮಜ್ಜಿಗೆಯ ವಿಷಯದಲ್ಲೂ ಅಷ್ಟೇ: ಒಂದು ಬಟ್ಟಲು ಮೊಸರನ್ನು ನಾಲ್ಕು ಲೋಟ ಮಾಡಿ ಒಂದು ಲೋಟ ಕುಡಿದರೆ ದೊರಕಿದ್ದು ಕಾಲು ಬಟ್ಟಲಿನದು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಇದಕ್ಕೆ ಕಾರಣವಾದ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯ ಒಂದಂಶ ಹೆಪ್ಪುಗಟ್ಟುವಾಗ ಕರಗಿಹೋಗುವುದರಿಂದ ಇಂಥವರಲ್ಲಿ ಹೆಚ್ಚಿನವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಸಂಜೆಯ ನಂತರ ಮೊಸರು ಬೇಡವೆನ್ನುವವರು ಬೆಳಗಿನ ಅಂಬಲಿಗೂ ಮಧ್ಯಾಹ್ನದ ಊಟಕ್ಕೂ ಅದನ್ನು ಹೊಂದಿಸಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ರಾಗಿಯನ್ನು ಸರಿಯಾಗಿ ಬಳಸುವುದು

ರಾಗಿಯ ಕ್ಯಾಲ್ಸಿಯಂನ ಬಹುಪಾಲು ಕಾಳಿನ ಹೊರಪದರದಲ್ಲಿದೆ. ಮುದ್ದೆ ನುಣುಪಾಗಲೆಂದು ಹಿಟ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಒಂದರಿಸಿ ತೌಡನ್ನು ದನಕ್ಕೆ ಹಾಕಿದರೆ, ಯಾವುದಕ್ಕಾಗಿ ರಾಗಿ ತಂದೆವೋ ಅದರ ಒಂದಷ್ಟು ಭಾಗ ಕೊಟ್ಟಿಗೆಗೆ ಹೋದಂತೆ. ಅಂಗಡಿಯಲ್ಲಿ ತಿಳಿಬಣ್ಣದ, ತೀರಾ ನಯವಾದ ಹಿಟ್ಟಿಗಿಂತ ಗಿರಣಿಯಲ್ಲಿ ಬೀಸಿಸಿದ, ಜರಡಿ ಹಿಡಿಯದ ಹಿಟ್ಟೇ ಮೇಲು.

ಅದೇ ಹೊರಪದರದಲ್ಲಿ ಫೈಟೇಟ್ ಎಂಬ ಅಂಶವೂ ಇದ್ದು, ಅದು ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಹೀರಿಕೆಗೆ ಅಡ್ಡಿಮಾಡುತ್ತದೆ. ಇದಕ್ಕೆ ಪರಿಹಾರ ನಮ್ಮ ಹಿರಿಯರ ಅಡುಗೆಯಲ್ಲೇ ಇದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ತೆಳುಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ಗಮನಾರ್ಹವಾಗಿ ಇಳಿದಿರುತ್ತದೆ. ಅಂಬಲಿಯನ್ನು ರಾತ್ರಿ ಕಾಯಿಸಿಟ್ಟು ಹುಳಿಯಲು ಬಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿಯುವ ಪದ್ಧತಿಯಲ್ಲಿಯೂ ಹುಳಿಯುವಿಕೆ ಇದೇ ಕೆಲಸವನ್ನು ಮಾಡುತ್ತದೆ, ಮಜ್ಜಿಗೆಯದು ಅದರ ಮೇಲಿನ ಲಾಭ. ಮಧುಮೇಹವಿರುವವರು ಮಾತ್ರ ಒಂದು ಎಚ್ಚರ ವಹಿಸಬೇಕು: ನುಣ್ಣಗಿನ ಹಿಟ್ಟಿನ ತೆಳು ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅವರಿಗೆ ಸೊಪ್ಪು, ಕಾಳು ಜೊತೆಗಿರುವ ಸಣ್ಣ ಮುದ್ದೆಯೋ ರೊಟ್ಟಿಯೋ ಒಳಿತು.

ಸೊಪ್ಪುಗಳಲ್ಲಿ ಯಾವುದನ್ನು ನಂಬಬೇಕು

ಸೊಪ್ಪು ತಿನ್ನಿ, ಕ್ಯಾಲ್ಸಿಯಂ ಸಿಗುತ್ತದೆ ಎಂಬ ಮಾತು ಅರ್ಧ ಸತ್ಯ. ಪಾಲಕ್, ದಂಟು, ಹರಿವೆ, ಬಸಳೆಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಂನೊಂದಿಗೆ ಬೆಸೆದುಕೊಂಡು ಕರಗದ ಲವಣವಾಗುವುದರಿಂದ, ಪಾಲಕಿನಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇಕಡಾ ಐದರಷ್ಟು ಮಾತ್ರ ದೇಹಕ್ಕೆ ದಕ್ಕುತ್ತದೆ. ದಂಟಿನ ಸೊಪ್ಪಿನಲ್ಲಿ ಪಟ್ಟಿಯ ಪ್ರಕಾರ 100 ಗ್ರಾಂಗೆ 300 ಮಿಲಿಗ್ರಾಂ ಮೇಲಿದ್ದರೂ ಅದನ್ನು ಹಾಗೆಯೇ ಲೆಕ್ಕಕ್ಕೆ ಸೇರಿಸಬಾರದು. ಇವುಗಳನ್ನು ತಿನ್ನಬಾರದೆಂದಲ್ಲ, ಫೋಲೇಟ್ ಎಂಬ ವಿಟಮಿನ್ ಮುಂತಾದವುಗಳಿಗಾಗಿ ತಿನ್ನಲೇಬೇಕು. ಕ್ಯಾಲ್ಸಿಯಂ ಲೆಕ್ಕದಲ್ಲಿ ಮಾತ್ರ ನೆಚ್ಚಬಾರದು. ಬೇಯಿಸಿ ನೀರು ಬಸಿದರೆ ಆಕ್ಸಲೇಟಿನ ಒಂದಂಶ ನೀರಿನೊಡನೆ ಹೋಗುತ್ತದೆ, ಆದರೆ ನಮ್ಮ ಬಸ್ಸಾರಿನಲ್ಲಿ ಬಸಿದ ನೀರೇ ಸಾರಾಗಿ ತಟ್ಟೆಗೆ ಮರಳುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ದಂಟಿನ ಬಸ್ಸಾರನ್ನು ಮಿತವಾಗಿ ಉಣ್ಣುವುದು ಒಳ್ಳೆಯದು.

ನಂಬಬಹುದಾದ ಸೊಪ್ಪುಗಳೆಂದರೆ ನುಗ್ಗೆ, ಮೆಂತ್ಯ, ಮೂಲಂಗಿಯ ಸೊಪ್ಪು. ಮೂಲಂಗಿ ಕೊಂಡಾಗ ತರಕಾರಿಯವನಿಗೇ ಸೊಪ್ಪನ್ನು ಕಿತ್ತುಕೊಡುವ ರೂಢಿ ನಗರಗಳಲ್ಲಿದೆ. ಗಡ್ಡೆಯಲ್ಲಿರುವುದಕ್ಕಿಂತ ಹಲವು ಪಟ್ಟು ಕ್ಯಾಲ್ಸಿಯಂ ಆ ಎಳೆಯ ಸೊಪ್ಪಿನಲ್ಲಿದೆ, ಹೆಸರುಬೇಳೆ ಹಾಕಿ ಪಲ್ಯ ಮಾಡಿದರೆ ಕಹಿಯೂ ತೋರುವುದಿಲ್ಲ. ಹಿತ್ತಲಿನಲ್ಲಿ ನುಗ್ಗೆಮರವಿದ್ದವರಿಗೆ ಇದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲ. ಕರಿಬೇವಿನಲ್ಲಿ 100 ಗ್ರಾಂಗೆ 600 ಮಿಲಿಗ್ರಾಂ ದಾಟುತ್ತದೆ ಎಂಬುದು ನಿಜವಾದರೂ ಒಗ್ಗರಣೆಗೆ ಬೀಳುವ ಹತ್ತು ಎಲೆಯ ತೂಕ ಒಂದೆರಡು ಗ್ರಾಂ, ಅದನ್ನೂ ತಟ್ಟೆಯ ಅಂಚಿಗೆ ಸರಿಸುವವರೇ ಹೆಚ್ಚು. ಚಟ್ನಿಪುಡಿಯಾಗಿ ಮಾಡಿಕೊಂಡರೆ ಸ್ವಲ್ಪ ಉಪಯೋಗ.

ಎಳ್ಳು, ಹುರುಳಿ, ಮೀನು, ಮತ್ತೆ ಕೆಲವು ನಂಬಿಕೆಗಳು

ಸಿಪ್ಪೆ ತೆಗೆಯದ ಎಳ್ಳಿನ 100 ಗ್ರಾಂನಲ್ಲಿ ಸಾವಿರ ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಚಮಚ, ಅಂದರೆ ಸುಮಾರು ಹತ್ತು ಗ್ರಾಂ ಎಳ್ಳು ಸೇರಿದ ಒಂದು ಉಂಡೆ ತಿಂದರೆ 120 ಮಿಲಿಗ್ರಾಂನಷ್ಟು ಆಯಿತು. ಆದರೆ ಆ ಕ್ಯಾಲ್ಸಿಯಂ ಇರುವುದು ಸಿಪ್ಪೆಯಲ್ಲಿ. ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆಂದು ನೆನೆಸಿ, ಉಜ್ಜಿ, ಸಿಪ್ಪೆ ಹಾರಿಸಿದ ಬಿಳಿಯ ಎಳ್ಳಿನಲ್ಲಿ ಅದು ಬಹುಮಟ್ಟಿಗೆ ಹೋಗಿಬಿಟ್ಟಿರುತ್ತದೆ. ಹಬ್ಬಕ್ಕೆ ಅದು ಸರಿ. ನಿತ್ಯದ ಪುಡಿಗೆ, ಉಂಡೆಗೆ ಕಪ್ಪು ಅಥವಾ ಕಂದು ಎಳ್ಳನ್ನು ಸಿಪ್ಪೆಸಹಿತ ಹುರಿದು ಪುಡಿಮಾಡಬೇಕು, ಏಕೆಂದರೆ ಅಗಿಯದೆ ನುಂಗಿದ ಇಡಿ ಎಳ್ಳು ಹಾಗೆಯೇ ಹೊರಗೆ ಹೋಗುತ್ತದೆ. ಎಳ್ಳಿನ ಸಿಪ್ಪೆಯಲ್ಲಿಯೂ ಆಕ್ಸಲೇಟ್ ಇರುವುದರಿಂದ ಅದನ್ನು ಪೂರಕವಾಗಿ ಮಾತ್ರ ಎಣಿಸಿ, ಹಾಲು ರಾಗಿಗಳ ಬದಲಿಯಾಗಿ ಬೇಡ.

ಹುರುಳಿಯ ವಿಷಯದಲ್ಲಿ ಕಟ್ಟಿನ ಸಾರನ್ನಷ್ಟೇ ಉಂಡು ಕಾಳನ್ನು ಬಿಡುವ ಮನೆಗಳಿವೆ. ಬೇಯಿಸಿದ ಕಾಳನ್ನು ಉಸಲಿಯನ್ನಾಗಿಯೋ ಪಲ್ಯವನ್ನಾಗಿಯೋ ತಿಂದಾಗಲೇ ಲೆಕ್ಕಕ್ಕೆ ಬರುತ್ತದೆ. ಮೊಳಕೆ ಬರಿಸಿದ್ದಾದರೆ ಇನ್ನೂ ಒಳ್ಳೆಯದು. ಕರಾವಳಿಯಲ್ಲಿ ಬೂತಾಯಿಯಂತಹ ಸಣ್ಣ ಮೀನನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳಿನ ಸಮೇತ ತಿನ್ನುವವರಿಗೆ ಒಳ್ಳೆಯ ಪ್ರಮಾಣದ ಕ್ಯಾಲ್ಸಿಯಂ ದೊರೆಯುತ್ತದೆ. ಅಂಜಲ್‌ನಂತಹ ದೊಡ್ಡ ಮೀನಿನ ತುಂಡಿನಲ್ಲಿ ಮುಳ್ಳು ಬದಿಗಿಡುವುದರಿಂದ ಆ ಲಾಭವಿಲ್ಲ. ಒಣಮೀನಿನಲ್ಲಿ ಕ್ಯಾಲ್ಸಿಯಂ ಇದ್ದರೂ ಉಪ್ಪು ಅತಿಯಾಗಿರುತ್ತದೆ.

ಮೂಳೆ ಮುರಿದವರಿಗೆ ಕಾಲು ಸೂಪು ಕುಡಿಸುವುದು ಪ್ರೀತಿಯ ಆರೈಕೆಯೇ ಹೌದು, ಆದರೆ ಎಷ್ಟು ಹೊತ್ತು ಕುದಿಸಿದರೂ ಮೂಳೆಯ ಕ್ಯಾಲ್ಸಿಯಂ ನೀರಿಗೆ ಬಿಡುವುದು ತೀರ ಕಡಿಮೆ. ಒಂದು ಲೋಟ ಸೂಪಿಗಿಂತ ಒಂದು ಲೋಟ ಮಜ್ಜಿಗೆಯಲ್ಲಿ ಹೆಚ್ಚಿರುತ್ತದೆ. ಎಲೆಗೆ ಹಚ್ಚುವ ಸುಣ್ಣದಿಂದ ಕ್ಯಾಲ್ಸಿಯಂ ಬರುತ್ತದೆಂದು ಎಲೆಅಡಿಕೆಯನ್ನು ಸಮರ್ಥಿಸುವ ಅಜ್ಜಿಯರು ಹೇಳುವುದರಲ್ಲಿ ರಸಾಯನಶಾಸ್ತ್ರದ ತಪ್ಪೇನೂ ಇಲ್ಲ. ಆದರೆ ಜೊತೆಗಿರುವ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವಸ್ತು ಎಂಬುದು ಸಿದ್ಧಪಟ್ಟಿರುವಾಗ, ಸುಣ್ಣದ ನೆಪದಲ್ಲಿ ಅದನ್ನು ಒಪ್ಪಲಾಗದು. ಸುಣ್ಣವನ್ನು ನೀರಿಗೋ ಮಜ್ಜಿಗೆಗೋ ಬೆರೆಸಿ ಕುಡಿಯುವ ಸಲಹೆಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಅಳತೆ ಮತ್ತು ಶುದ್ಧತೆ ಎರಡೂ ಗೊತ್ತಿಲ್ಲದ ಆ ಪ್ರಯೋಗ ಬಾಯಿ, ಅನ್ನನಾಳಗಳನ್ನು ಸುಡಬಲ್ಲದು.

ಒಂದು ದಿನದ ಮಾದರಿ

ಸಸ್ಯಾಹಾರಿ ಮನೆಯೊಂದರಲ್ಲಿ ಹೊಸದಾಗಿ ಏನನ್ನೂ ಕೊಳ್ಳದೆ ಸಾವಿರ ಮುಟ್ಟುವುದು ಹೀಗೆ. ಬೆಳಿಗ್ಗೆ 40 ಗ್ರಾಂ ರಾಗಿಹಿಟ್ಟಿನ ಅಂಬಲಿ, ಅದಕ್ಕೆ ಅರ್ಧ ಬಟ್ಟಲಿಗಿಂತ ಸ್ವಲ್ಪ ಹೆಚ್ಚು, ಅಂದರೆ 100 ಗ್ರಾಂ ಮೊಸರನ್ನು ಕಡೆದು ಬೆರೆಸಿದರೆ ಎರಡೂ ಸೇರಿ ಸುಮಾರು 265 ಮಿಲಿಗ್ರಾಂ. ಮಧ್ಯಾಹ್ನ 50 ಗ್ರಾಂ ನುಗ್ಗೆಸೊಪ್ಪು ಹಾಕಿದ ಪಲ್ಯ ಮತ್ತು ಒಂದು ಬಟ್ಟಲು ಮೊಸರಿನಿಂದ 330ರಷ್ಟು. ಸಂಜೆ ಒಂದು ಎಳ್ಳುಂಡೆಗೆ 120. ರಾತ್ರಿ 40 ಗ್ರಾಂ ಹುರುಳಿಕಾಳಿನ ಉಸಲಿಗೆ 105, ಮಲಗುವ ಮುನ್ನ 200 ಮಿಲಿಲೀಟರು ಹಾಲಿಗೆ 240. ಒಟ್ಟು 1060. ಕಾಫಿಯ ಹಾಲು, ಅನ್ನ, ಬೇಳೆಯದು ಇದರ ಮೇಲೆ. ನುಗ್ಗೆಸೊಪ್ಪು ದಿನವೂ ಸಿಗುವುದಿಲ್ಲ, ಸಿಕ್ಕರೂ ದಿನವೂ ರುಚಿಸುವುದಿಲ್ಲ. ಅದಿಲ್ಲದ ದಿನ 30 ಗ್ರಾಂ ಪನೀರೋ ಮತ್ತೊಂದು ಬಟ್ಟಲು ಮೊಸರೋ ಆ ಜಾಗವನ್ನು ತುಂಬುತ್ತದೆ. ಇಡೀ ದಿನದ್ದನ್ನು ಒಂದೇ ಹೊತ್ತಿಗೆ ತಿಂದರೆ ಹೀರಿಕೆಯ ಪ್ರಮಾಣ ಕುಗ್ಗುವುದರಿಂದ ಹೀಗೆ ಮೂರು ನಾಲ್ಕು ಹೊತ್ತಿಗೆ ಹಂಚುವುದು ಮುಖ್ಯ.

ಬಂದದ್ದನ್ನು ಉಳಿಸಿಕೊಳ್ಳುವುದೂ ಇದರ ಭಾಗವೇ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಮೂರೂ ತಟ್ಟೆಯಲ್ಲಿದ್ದರೆ ಆ ಮಿತಿ ಒಂದೇ ಊಟಕ್ಕೆ ಮುಗಿಯಬಹುದು. ಕಾಫಿಯ ಬಗ್ಗೆ ಅಷ್ಟು ಹೆದರಬೇಕಿಲ್ಲ, ದಿನಕ್ಕೆ ಎರಡು ಮೂರು ಸಣ್ಣ ಲೋಟದಿಂದಾಗುವ ನಷ್ಟವನ್ನು ಅದರೊಳಗಿನ ಹಾಲೇ ತುಂಬಿಕೊಡುತ್ತದೆ. ನಡಿಗೆ, ಮೆಟ್ಟಿಲು ಹತ್ತುವುದು, ತೂಕ ಎತ್ತುವುದು ಇಂಥ ಮೈಭಾರ ಮೂಳೆಯ ಮೇಲೆ ಬೀಳುವ ಚಟುವಟಿಕೆ ಇಲ್ಲದಿದ್ದರೆ ಕ್ಯಾಲ್ಸಿಯಂ ಎಷ್ಟು ತಿಂದರೂ ಮೂಳೆ ಅದನ್ನು ಹಿಡಿದಿಟ್ಟುಕೊಳ್ಳುವುದು ಕಡಿಮೆ.

ಬಿಸಿಲು ಮತ್ತು ವಿಟಮಿನ್ ಡಿ

ವಿಟಮಿನ್ ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರುವುದಿಲ್ಲ. ಕರ್ನಾಟಕದ ಬಿಸಿಲಿನಲ್ಲಿ ವರ್ಷವಿಡೀ ಅದನ್ನು ತಯಾರಿಸಬಲ್ಲ ಕಿರಣಗಳಿದ್ದರೂ ಕೊರತೆ ವ್ಯಾಪಕವಾಗಿದೆ, ಏಕೆಂದರೆ ನಾವು ಬಿಸಿಲಿಗೆ ಬರುವ ಹೊತ್ತು ತಪ್ಪು. ಎಳೆಬಿಸಿಲಿನಲ್ಲಿ ಆ ಕಿರಣಗಳು ಬಹಳ ಕಡಿಮೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು, ಸುಮಾರು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ನಡುವೆ, ಕೈ, ಮುಖ, ಪಾದಗಳಿಗೆ ಬಿಸಿಲು ತಾಗುವಂತೆ 20ರಿಂದ 30 ನಿಮಿಷ ಇರಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಬಟ್ಟೆ ಒಣಹಾಕುವುದು, ಹಪ್ಪಳ ಸಂಡಿಗೆ ಕಾಯುವುದು ಇತ್ಯಾದಿ ತಾರಸಿಯ ಕೆಲಸಗಳನ್ನು ಆ ಹೊತ್ತಿಗೆ ಇಟ್ಟುಕೊಂಡರೆ ಬೇರೆ ಸಮಯ ಹುಡುಕಬೇಕಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಶರತ್ಕಾಲ ಮತ್ತು ಚಳಿಗಾಲದ ತಿಂಗಳುಗಳಲ್ಲಿ ಬಿಸಿಲಿನಿಂದ ಇದು ಸಿಗುವುದೇ ಇಲ್ಲ. ಅಲ್ಲಿನ ಸರ್ಕಾರವೇ ಆ ಕಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ ಪೂರಕ ತೆಗೆದುಕೊಳ್ಳಲು ಹೇಳುತ್ತದೆ.

ಇಲ್ಲಿ ವಿಟಮಿನ್ ಎ ಮತ್ತು ಡಿ ಸೇರಿಸಿದ ಹಾಲು, ಅಡುಗೆ ಎಣ್ಣೆಗಳು ಮಾರುಕಟ್ಟೆಯಲ್ಲಿವೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ‘ಪ್ಲಸ್ ಎಫ್’ ಗುರುತು ಇದೆಯೇ ನೋಡಿ ಕೊಳ್ಳಬಹುದು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವೈದ್ಯರು 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಂದರಂತೆ ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅದನ್ನು ದಿನಕ್ಕೊಂದು ಎಂದು ತಿಳಿದು ನುಂಗುವುದು, ಹೇಳಿದ ವಾರಗಳು ಮುಗಿದ ಮೇಲೂ ಅಂಗಡಿಯಿಂದ ತಂದು ಮುಂದುವರಿಸುವುದು ಎರಡೂ ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ಹಾನಿಯವರೆಗೂ ಹೋಗಬಹುದು.

ಮಾತ್ರೆ ಯಾರಿಗೆ, ಹೇಗೆ

ಊಟದ ಲೆಕ್ಕ ಹಾಕಿದ ಮೇಲೆ ಉಳಿಯುವ ಕೊರತೆಗೆ ಮಾತ್ರ ಮಾತ್ರೆ. ತಟ್ಟೆಯಿಂದ 700 ಬರುತ್ತಿದ್ದರೆ ಬೇಕಿರುವುದು 300, ದಿನಕ್ಕೆ 1200 ಬೇಕಾದವರಿಗೆ 500, ಸಾವಿರದ ಮಾತ್ರೆಯಲ್ಲ. ಗರ್ಭಿಣಿ ಮತ್ತು ಬಾಣಂತಿಯರ ವಿಷಯ ಬೇರೆ. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯಂತೆ, ಗರ್ಭದ 14ನೇ ವಾರದಿಂದ ಹೆರಿಗೆಯವರೆಗೆ, ಅನಂತರ ಆರು ತಿಂಗಳು, ದಿನಕ್ಕೆ ಎರಡು ಮಾತ್ರೆ. ಪ್ರತಿಯೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 250 ಯೂನಿಟ್ ವಿಟಮಿನ್ ಡಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವು ಉಚಿತ. ಕ್ಯಾಲ್ಸಿಯಂ ಕಡಿಮೆ ತಿನ್ನುವ ಸಮುದಾಯಗಳಲ್ಲಿ ಈ ಮಾತ್ರೆಗಳು ಗರ್ಭಿಣಿಯ ರಕ್ತದೊತ್ತಡದ ಗಂಭೀರ ತೊಂದರೆಯನ್ನು ತಗ್ಗಿಸುತ್ತವೆ ಎಂಬುದು ಇದರ ಹಿಂದಿನ ಮುಖ್ಯ ಕಾರಣ, ಮೂಳೆ ಎರಡನೆಯದು. ಕರ್ನಾಟಕದಲ್ಲಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ಹಾಲೂ ಸೇರಿದೆ. ಅರ್ಹರಾದವರು ಹೆಸರು ನೋಂದಾಯಿಸಿಕೊಳ್ಳಬೇಕು.

ಮಾತ್ರೆಯ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1250 ಎಂದಿದ್ದರೆ ಅದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕ. ಅದರಲ್ಲಿ ಶುದ್ಧ ಕ್ಯಾಲ್ಸಿಯಂ ಶೇಕಡಾ 40, ಅಂದರೆ 500 ಮಿಲಿಗ್ರಾಂ. ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಗೆಯ ಮಾತ್ರೆಯಲ್ಲಿ ಶೇಕಡಾ 21. ಸಣ್ಣಕ್ಷರದಲ್ಲಿರುವ ‘ಎಲಿಮೆಂಟಲ್ ಕ್ಯಾಲ್ಸಿಯಂ’ ಅಂಕಿಯನ್ನೇ ಓದಬೇಕು. ಕಾರ್ಬೊನೇಟ್ ಅಗ್ಗ, ಆದರೆ ಅದು ಕರಗಲು ಹೊಟ್ಟೆಯ ಆಮ್ಲ ಬೇಕಿರುವುದರಿಂದ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್ ಎಂದು ದಿನವೂ ಆಮ್ಲ ಕಡಿಮೆ ಮಾಡುವ ಮಾತ್ರೆ ನುಂಗುವವರಿಗೆ, ಕಾರ್ಬೊನೇಟಿನಿಂದ ಮಲಬದ್ಧತೆ ಆಗುವವರಿಗೆ ಸಿಟ್ರೇಟ್ ಒಗ್ಗುತ್ತದೆ, ಅದಕ್ಕೆ ಊಟದ ಹಂಗಿಲ್ಲ. ಒಂದು ಹೊತ್ತಿಗೆ 500 ಮಿಲಿಗ್ರಾಂ ಮೀರಬಾರದು. ಕಬ್ಬಿಣದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಬೇಕು. ಥೈರಾಯ್ಡ್ ಮಾತ್ರೆಯಿಂದಾದರೆ ನಾಲ್ಕು ಗಂಟೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿ ತಿಂಡಿಯೊಡನೆ ಕ್ಯಾಲ್ಸಿಯಂ ತೆಗೆದುಕೊಂಡರೆ ಥೈರಾಯ್ಡಿನ ಅಳತೆ ಏರುಪೇರಾಗುತ್ತದೆ, ಅದಕ್ಕೆ ಕಾರಣ ತಿಳಿಯದೆ ಮಾತ್ರೆಯ ಪ್ರಮಾಣ ಬದಲಾಗುತ್ತ ಹೋಗುತ್ತದೆ. ಕ್ಯಾಲ್ಸಿಯಂ ಅನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳುವುದು ಸುಲಭದ ದಾರಿ. ಕೆಲವು ಆ್ಯಂಟಿಬಯಾಟಿಕ್‌ಗಳನ್ನೂ ಕ್ಯಾಲ್ಸಿಯಂ ತಡೆಯುವುದರಿಂದ ಜ್ವರಕ್ಕೋ ಸೋಂಕಿಗೋ ಔಷಧ ಬರೆಸಿಕೊಳ್ಳುವಾಗ ಈ ಮಾತ್ರೆ ನಡೆಯುತ್ತಿದೆ ಎಂದು ಹೇಳಬೇಕು.

ಕಲ್ಲಾಗುತ್ತದೆಂಬ ಭಯದಿಂದ ಹಾಲು ಮೊಸರು ಬಿಡುವುದು ತಪ್ಪು. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಹೊರಗೆ ಕಳಿಸುವುದರಿಂದ, ಊಟದಲ್ಲಿ ಅದು ಕಡಿಮೆಯಾದವರಿಗೇ ಆಕ್ಸಲೇಟ್ ಕಲ್ಲಿನ ಸಾಧ್ಯತೆ ಹೆಚ್ಚು. ಮಾತ್ರೆಯ ವಿಷಯದಲ್ಲಿ ಮಾತ್ರ, ಈಗಾಗಲೇ ಕಲ್ಲು ಬಂದವರು ಮತ್ತು ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮಂಡಿನೋವಿಗೆ ಕ್ಯಾಲ್ಸಿಯಂ ಮಾತ್ರೆ ಕೇಳಿ ಪಡೆಯುವವರು ಬಹಳ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ, ಅದನ್ನು ಕ್ಯಾಲ್ಸಿಯಂ ಸರಿಪಡಿಸುವುದಿಲ್ಲ.

ಪರೀಕ್ಷೆ ಯಾವಾಗ

ಮೂಳೆ ತೆಳುವಾಗುವುದು ನೋವಿಲ್ಲದೆ ನಡೆಯುತ್ತದೆ. ಜಾರಿ ಬಿದ್ದು ಮಣಿಕಟ್ಟು ಮುರಿದಾಗಲೇ ಹಲವರಿಗೆ ತಿಳಿಯುವುದು. ಸಾಂದ್ರತೆಯನ್ನು ಖಚಿತವಾಗಿ ಅಳೆಯುವುದು ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನ್. ಅದರ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 1ರವರೆಗೆ ಸಾಮಾನ್ಯ, ಮೈನಸ್ 2.5 ಅಥವಾ ಅದಕ್ಕೂ ಕೆಳಗಾದರೆ ಮೂಳೆ ಸುಲಭವಾಗಿ ಮುರಿಯುವಷ್ಟು ತೆಳುವಾಗುವ ಆಸ್ಟಿಯೊಪೊರೋಸಿಸ್, ನಡುವಿನದು ಅದರ ಮುಂಚಿನ ಹಂತ. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ಮಾಡುವ ಉಚಿತ ಪರೀಕ್ಷೆ ಅಂದಾಜಿಗೆ ಮಾತ್ರ. ಅದರ ಮೇಲೆ ಔಷಧ ಶುರುಮಾಡುವುದು ಸರಿಯಲ್ಲ. 65 ದಾಟಿದವರೆಲ್ಲರೂ, ಅದಕ್ಕೆ ಮುಂಚೆ 45ರ ಒಳಗೆ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು, ಆಸ್ತಮಾ, ಸಂಧಿವಾತದಂತಹ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ತಾಯಿಗೆ ಸೊಂಟದ ಮೂಳೆ ಮುರಿದಿದ್ದವರು, ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದುಕೊಂಡವರು, ಎತ್ತರದಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಇಳಿದವರು ಈ ಸ್ಕ್ಯಾನ್ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ಆಸ್ಟಿಯೊಪೊರೋಸಿಸ್ ಎಂದು ಗೊತ್ತಾದ ಮೇಲೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರ ಸಾಲವು, ಅದಕ್ಕೆ ಬೇರೆಯೇ ಔಷಧಗಳಿವೆ. ಹೋಗುವಾಗ ಮೂರು ದಿನದ ಊಟದ ಪಟ್ಟಿಯನ್ನೂ ನಡೆಯುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಕೊಂಡೊಯ್ದರೆ, ಯಾವುದನ್ನು ಎಷ್ಟು ಬರೆಯಬೇಕೆಂದು ವೈದ್ಯರಿಗೆ ತೀರ್ಮಾನಿಸಲು ಅನುಕೂಲವಾಗುತ್ತದೆ.